ಮತ್ತೆ ಮತ್ತೆ ಸಡಿಲವಾದ ಅಡ್ಡಕೋಲು: ಒಂದು ಕುರ್ಚಿ ದುರಸ್ತಿಯ ಪ್ರಕರಣ ಅಧ್ಯಯನ

ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಮರ ಕಡೆಯುವ ಹವ್ಯಾಸಿಗಳಿಗೆ ನೆಂಟರಿಷ್ಟರಿಂದ ಹೆಚ್ಚಾಗಿ ಬರುವ ಕೋರಿಕೆ ಹೊಸ ಬಟ್ಟಲನ್ನೋ ಹೂದಾನಿಯನ್ನೋ ಮಾಡಿಕೊಡಿ ಎಂಬುದಲ್ಲ, ಮುರಿದ ಪೀಠೋಪಕರಣದ ಒಂದು ಭಾಗವನ್ನು ಮಾಡಿಕೊಡಿ ಎಂಬುದು. ಇಲ್ಲಿ ವಿವರಿಸುವ ಪ್ರಕರಣವೂ ಅಂಥದ್ದೇ. ಮುರಿದ ಭಾಗದ ನಕಲನ್ನು ಚೆನ್ನಾಗಿ ಕಡೆದರೂ ದುರಸ್ತಿ ಏಕೆ ನಿಲ್ಲಲಿಲ್ಲ, ನಿಲ್ಲುವಂತೆ ಮಾಡಲು ಯಾವ ಯಾವ ಹಂತದಲ್ಲಿ ಯಾವ ತೀರ್ಮಾನ ತೆಗೆದುಕೊಳ್ಳಬೇಕಾಯಿತು ಎಂಬುದನ್ನು ಇತರ ಹವ್ಯಾಸಿಗಳ ಉಪಯೋಗಕ್ಕಾಗಿ ದಾಖಲಿಸುತ್ತಿದ್ದೇನೆ. ಕೆಲಸ ಮಾಡಿದವರ ಮತ್ತು ಮನೆಯವರ ಗುರುತನ್ನು ಬಿಟ್ಟಿದ್ದೇನೆ. ಹವ್ಯಾಸಿ ಬರೆದಿಟ್ಟುಕೊಂಡಿದ್ದ ಅಳತೆಗಳನ್ನು ನೋಡಿದ ಮೇಲೆ ಮತ್ತು ಕುರ್ಚಿಯನ್ನು ಬಿಚ್ಚುವ ಹಂತದಿಂದ ಅವರ ಜೊತೆಗಿದ್ದು ಗಮನಿಸಿದ ಮೇಲೆ ಈ ಬರಹ ಸಿದ್ಧವಾಗಿದೆ.

ಹಿನ್ನೆಲೆ

ಕುರ್ಚಿ ಹಳೆಯದು, ಗಟ್ಟಿಮರದ್ದು. ನಾಲ್ಕು ಕಾಲುಗಳೂ ಲೇತಿನಲ್ಲಿ ಕಡೆದವು, ಕಾಲುಗಳನ್ನು ಒಂದಕ್ಕೊಂದು ಹಿಡಿದಿಡುವ ಅಡ್ಡಕೋಲುಗಳೂ ಕಡೆದವೇ. ಪ್ರತಿ ಅಡ್ಡಕೋಲಿನ ಎರಡೂ ತುದಿಗಳು ಕಾಲುಗಳಲ್ಲಿ ಕೊರೆದ ಕುರುಡು ತೂತುಗಳಿಗೆ, ಅಂದರೆ ಆಚೆ ಬದಿಗೆ ಹಾಯದ ತೂತುಗಳಿಗೆ, ಅಂಟು ಹಚ್ಚಿ ಕೂರಿಸಿದಂಥವು. ತೂತಿನ ವ್ಯಾಸ 18 ಮಿ.ಮೀ., ಆಳ 25 ಮಿ.ಮೀ.; ಆ ಜಾಗದಲ್ಲಿ ಕಾಲಿನ ದಪ್ಪ 32 ಮಿ.ಮೀ. ಮನೆಯ ಹಿರಿಯರೊಬ್ಬರು ಪ್ರತಿದಿನ ಅದರಲ್ಲೇ ಕೂರುತ್ತಿದ್ದರು. ಎದ್ದೇಳುವಾಗ ಮುಂದಿನ ಅಡ್ಡಕೋಲಿನ ಮೇಲೆ ಹಿಮ್ಮಡಿ ಊರುವ ಅಭ್ಯಾಸ ಅವರಿಗಿತ್ತು. ಒಂದು ದಿನ ಆ ಕೋಲು ಮುರಿಯಿತು.

ಕುರ್ಚಿಯನ್ನು ದುರಸ್ತಿಗೆ ತೆಗೆದುಕೊಂಡ ಹವ್ಯಾಸಿ ಸುಮಾರು ಎರಡು ವರ್ಷಗಳಿಂದ ಬುಗುರಿ, ಹಿಡಿಕೆ, ಲಟ್ಟಣಿಗೆಗಳನ್ನು ಕಡೆದು ಕೈ ಪಳಗಿಸಿಕೊಂಡವರು. ಮುರಿದ ಕೋಲನ್ನು ಕೈಗೆತ್ತಿಕೊಂಡಾಗ ಅವರ ಕಣ್ಣಿಗೆ ಮೊದಲು ಬಿದ್ದದ್ದು ಅದರ ಆಕಾರ: ನಡುವೆ 26 ಮಿ.ಮೀ. ಉಬ್ಬು, ಇಕ್ಕೆಲಗಳಲ್ಲಿ ಒಂದೊಂದು ಉಂಗುರದ ಅಲಂಕಾರ, ತುದಿಗಳತ್ತ ನಯವಾದ ಇಳಿಜಾರು. ಮುರಿತದ ಸ್ವರೂಪ ಅವರ ಗಮನಕ್ಕೆ ಬಂದಿರಲಿಲ್ಲ. ಕೋಲು ನೇರವಾಗಿ ತುಂಡಾಗಿರಲಿಲ್ಲ; ಒಂದು ಬದಿಯಿಂದ ಇನ್ನೊಂದು ಬದಿಗೆ ಉದ್ದನೆಯ ಓರೆಯಾಗಿ ಸೀಳಿತ್ತು. ಮರದ ನಾರು ಕೋಲಿನ ಉದ್ದಕ್ಕೂ ಸಾಗದೆ ನಡುವೆಯೇ ಓರೆಯಾಗಿ ಹೊರಗೆ ಹಾಯ್ದಿದ್ದರೆ ಮಾತ್ರ ಇಂಥ ಮುರಿತ ಆಗುತ್ತದೆ. ಅಂದರೆ ಆ ಕೋಲಿನ ದೌರ್ಬಲ್ಯ ಹಲಗೆ ಕೊಯ್ದ ದಿನದಿಂದಲೇ ಅದರೊಳಗಿತ್ತು.

ಸಮಸ್ಯೆ

ಮೊದಲ ನಕಲಿಗೆ ಅವರು ಆಯ್ದುಕೊಂಡದ್ದು ಕೆಲವು ವಾರಗಳ ಹಿಂದೆ ಕಡಿದ ಒಂದು ಕೊಂಬೆ. ಹಸಿ ಮರ ಉಳಿಗೆ ಸಲೀಸಾಗಿ ಕೊಡುತ್ತದೆ, ಉದ್ದನೆಯ ಸಿಪ್ಪೆಗಳು ಸುರುಳಿ ಸುತ್ತಿಕೊಂಡು ಹೊರಬರುತ್ತವೆ, ಪುಡಿ ಹಾರುವುದಿಲ್ಲ. ಕಡೆಯುವವರಿಗೆ ಇದಕ್ಕಿಂತ ಹಿತವಾದ ಅನುಭವ ಇನ್ನೊಂದಿಲ್ಲ. ಕೋಲಿನ ಉದ್ದ 400 ಮಿ.ಮೀ. ದಪ್ಪಕ್ಕಿಂತ ಹದಿನೈದು ಪಟ್ಟು ಉದ್ದವಿರುವ ಇಂಥ ಕೋಲು ತಿರುಗುವಾಗ ನಡುವೆ ಬಾಗಿ ನಡುಗುತ್ತದೆ, ಮೈಮೇಲೆ ಸುರುಳಿ ಗೆರೆಗಳು ಮೂಡುತ್ತವೆ. ಆ ಗೆರೆಗಳನ್ನು ಅವರು ಉಪ್ಪುಕಾಗದದಿಂದ ತಿಕ್ಕಿ ತೆಗೆದರು, ತುದಿಗಳನ್ನೂ ಅದೇ ಕಾಗದದಿಂದ ನಯಗೊಳಿಸಿದರು. ತುದಿ ತೂತಿಗೆ ಬಿಗಿಯಾಗಿ ಹೋಯಿತು. ಬಿಳಿ ಅಂಟು, ಅಂದರೆ ಪಿವಿಎ ಅಂಟು, ಹಚ್ಚಿ ಕೂರಿಸಿದ ಮೇಲೆ ಹೊಸ ಕೋಲು ಹಳೆಯದರ ಪಡಿಯಚ್ಚಿನಂತೆ ಕಂಡಿತು.

ಗಾಳಿ ಒಣಗಿದ ತಿಂಗಳುಗಳು ಬಂದಾಗ ಕುರ್ಚಿ ಅಲುಗಾಡತೊಡಗಿತು. ಕೋಲನ್ನು ಕೈಯಿಂದಲೇ ತಿರುಗಿಸಬಹುದಾಗಿತ್ತು. ಹೊರತೆಗೆದು ಕ್ಯಾಲಿಪರ್ ಇಟ್ಟಾಗ 18 ಮಿ.ಮೀ. ಇದ್ದ ದುಂಡನೆಯ ತುದಿ ಒಂದು ದಿಕ್ಕಿನಲ್ಲಿ 17.6 ಮಿ.ಮೀ., ಅದಕ್ಕೆ ಅಡ್ಡಲಾಗಿ 17.3 ಮಿ.ಮೀ. ತೋರಿಸಿತು. ದುಂಡು ಹೋಗಿ ಅಂಡಾಕಾರವಾಗಿತ್ತು.

ಈ ಎರಡು ಅಂಕಿಗಳಲ್ಲಿ ಪ್ರಕರಣದ ಅರ್ಧ ಭಾಗ ಅಡಗಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ. ಮರದ ಜೀವಕೋಶಗಳ ಪೊಳ್ಳಿನಲ್ಲಿರುವ ನೀರು ಹೋಗುವಾಗ ಮರ ಕುಗ್ಗುವುದಿಲ್ಲ. ಕೋಶಭಿತ್ತಿಗಳಲ್ಲಿ ಸೇರಿಕೊಂಡಿರುವ ನೀರು ಹೋಗತೊಡಗಿದಾಗ, ಅಂದರೆ ತೇವಾಂಶ ಸುಮಾರು ಶೇ 28ರಿಂದ 30ಕ್ಕಿಂತ ಕೆಳಗಿಳಿದಾಗ, ಕುಗ್ಗುವಿಕೆ ಆರಂಭವಾಗುತ್ತದೆ. ಅದೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮನಲ್ಲ. ಆ ಮಟ್ಟದಿಂದ ಪೂರ್ತಿ ಒಣಗುವವರೆಗೆ ಸ್ಥೂಲವಾಗಿ ಹೇಳುವುದಾದರೆ ಬೆಳವಣಿಗೆಯ ಉಂಗುರಗಳ ಗುಂಟ ಶೇ 8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಶೇ 4ರಷ್ಟು ಕುಗ್ಗುತ್ತದೆ. ನಾರಿನ ಉದ್ದಕ್ಕೆ ಕುಗ್ಗುವುದು ಶೇ 0.1ರಿಂದ 0.2 ಮಾತ್ರ. ಮರದ ಜಾತಿಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ, ಆದರೆ ಉಂಗುರದ ಗುಂಟ ಆಗುವ ಕುಗ್ಗುವಿಕೆ ಅದಕ್ಕೆ ಅಡ್ಡಲಾದುದರ ಸುಮಾರು ಎರಡರಷ್ಟು ಎಂಬುದು ಬಹುತೇಕ ಮರಗಳಿಗೆ ಅನ್ವಯಿಸುತ್ತದೆ. ಆ ಕೊಂಬೆ ಶೇ 25ರ ತೇವಾಂಶದಿಂದ ಶೇ 10ಕ್ಕೆ ಇಳಿದಿದ್ದರೆ ಒಂದು ದಿಕ್ಕಿನಲ್ಲಿ ಶೇ 4, ಇನ್ನೊಂದು ದಿಕ್ಕಿನಲ್ಲಿ ಶೇ 2 ಕುಗ್ಗಬೇಕು. 18 ಮಿ.ಮೀ.ಗೆ ಲೆಕ್ಕ ಹಾಕಿದರೆ 0.72 ಮತ್ತು 0.36 ಮಿ.ಮೀ. ಬರುತ್ತದೆ. ಕ್ಯಾಲಿಪರ್ ತೋರಿಸಿದ್ದೂ ಅದನ್ನೇ. ಅಳತೆ ತಪ್ಪಿರಲಿಲ್ಲ, ಅಳತೆ ತೆಗೆದ ದಿನ ಮರ ಇನ್ನೂ ತನ್ನ ನಿಜವಾದ ಗಾತ್ರಕ್ಕೆ ಬಂದಿರಲಿಲ್ಲ.

ಎರಡನೆಯ ದೋಷ ತುದಿಯ ಆಕಾರದಲ್ಲಿತ್ತು. ತುದಿಯ ಮೂರು ಕಡೆ ಅಳೆದಾಗ ಬುಡಕ್ಕಿಂತ ಮೊನೆಯ ಕಡೆ ಅಳತೆ ಇನ್ನೂ ಕಡಿಮೆ ಬಂತು. ಉಪ್ಪುಕಾಗದ ಮೊನೆಯಂಚನ್ನು ಹೆಚ್ಚು ತಿನ್ನುತ್ತದೆ, ಹಾಗಾಗಿ ತುದಿ ತನಗರಿವಿಲ್ಲದೆ ಶಂಕುವಿನಾಕಾರಕ್ಕೆ ತಿರುಗುತ್ತದೆ. ಕೂರಿಸುವಾಗ ಬಿಗಿ ಅನ್ನಿಸಿದ್ದು ತೂತಿನ ಬಾಯಿಯ ಹತ್ತಿರ ಮಾತ್ರ; 25 ಮಿ.ಮೀ. ಆಳದಲ್ಲಿ ಹೆಚ್ಚಿನ ಭಾಗ ಗೋಡೆಯನ್ನು ತಾಗಿರಲೇ ಇಲ್ಲ. ಬಿಳಿ ಅಂಟು ತೆಳುವಾದ ಪದರವಾಗಿದ್ದಾಗ ಚೆನ್ನಾಗಿ ಹಿಡಿಯುತ್ತದೆ, ಸಂದು ತುಂಬುವ ಶಕ್ತಿ ಅದಕ್ಕಿಲ್ಲ.

ಏನೇನು ಪ್ರಯತ್ನಿಸಲಾಯಿತು

ಮೊದಲು ಕೈಗೆತ್ತಿಕೊಂಡದ್ದು ಸುಲಭವಾದ ದಾರಿ. ತುದಿಗೆ ತೆಳ್ಳನೆಯ ಮರದ ಸಿಪ್ಪೆ ಸುತ್ತಿ, ಹಳೆಯ ಅಂಟಿನ ಮೇಲೆಯೇ ಮತ್ತಷ್ಟು ಬಿಳಿ ಅಂಟು ಹಚ್ಚಿ ಕೂರಿಸಿದರು. ಕೆಲವೇ ವಾರಗಳಲ್ಲಿ ಅದೂ ಬಿಟ್ಟುಕೊಂಡಿತು. ಒಣಗಿದ ಪಿವಿಎ ಪದರದ ಮೇಲೆ ಹೊಸ ಪಿವಿಎ ಸರಿಯಾಗಿ ಹಿಡಿಯುವುದಿಲ್ಲ, ಏಕೆಂದರೆ ಅಂಟು ಇಳಿಯಬೇಕಾದ ನಾರಿನ ರಂಧ್ರಗಳು ಆಗಲೇ ಮುಚ್ಚಿರುತ್ತವೆ.

ನಂತರ ಮನೆಯವರ ಒತ್ತಾಯಕ್ಕೆ ಕಾಲಿನ ಹೊರಬದಿಯಿಂದ ಒಂದು ಮೊಳೆ ಹೊಡೆಯಲಾಯಿತು. ಈ ಸಲಹೆ ಎಲ್ಲ ಮನೆಗಳಲ್ಲೂ ಬರುತ್ತದೆ, ಸದುದ್ದೇಶದಿಂದಲೇ ಬರುತ್ತದೆ. ಆದರೆ ಮೊಳೆಯಿದ್ದ ಜೋಡಣೆ ಮೊಳೆಯನ್ನೇ ಕೀಲಾಗಿ ಮಾಡಿಕೊಂಡು ಅದರ ಸುತ್ತ ಅಲುಗಾಡುತ್ತದೆ. ಕಾಲಿನ ನಾರು ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ನಾರುಗಳ ನಡುವೆ ಹೊಕ್ಕ ಮೊಳೆ ಸೀಳುವ ಕೆಲಸವನ್ನೂ ಮಾಡುತ್ತದೆ. ಸ್ವಲ್ಪ ಕಾಲದ ಮೇಲೆ ತೂತಿನಿಂದ ಕೆಳಮುಖವಾಗಿ ಕೂದಲೆಳೆಯಷ್ಟು ತೆಳುವಾದ ಬಿರುಕೊಂದು ಕಾಣಿಸಿಕೊಂಡಿತು.

ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಅಪಾಯದಲ್ಲಿದ್ದದ್ದು ಅರ್ಧ ದಿನದಲ್ಲಿ ಮತ್ತೆ ಕಡೆಯಬಹುದಾದ ಒಂದು ಕೋಲು. ಬಿರುಕು ಬಿಟ್ಟದ್ದು ಕಾಲು. ಕಾಲಿನಲ್ಲಿ ಬೇರೆ ಬೇರೆ ಕೋನಗಳಲ್ಲಿ ಕೊರೆದ ತೂತುಗಳಿರುತ್ತವೆ, ಅದನ್ನು ಹೊಸದಾಗಿ ಮಾಡುವುದು ಹಲವು ಪಟ್ಟು ಕಷ್ಟ. ಮೊಳೆಗೆ ಬದಲು ತಿರುಪು ಹಾಕೋಣವೇ ಎಂಬ ಮಾತು ಆಗ ಬಂದಿತ್ತು. ಹವ್ಯಾಸಿ ಅದನ್ನು ಒಪ್ಪಲಿಲ್ಲ. ಹೊರಗಿನಿಂದ ಏನನ್ನೂ ಸೇರಿಸದೆ, ಮುಂದಿನ ಎರಡು ಕಾಲುಗಳ ಜೋಡಣೆಗಳನ್ನು ಪೂರ್ತಿ ಬಿಚ್ಚಿ ಕಾರಣ ಹುಡುಕಲು ತೀರ್ಮಾನಿಸಿದರು.

ಬಿಚ್ಚುವ ಮೊದಲು ಪ್ರತಿ ತುದಿಗೂ ಅದರ ತೂತಿಗೂ ಒಂದೇ ಗುರುತು ಹಾಕಿದರು. ಕೋಲನ್ನು ಕಡೆಯುವಾಗ ಎರಡೂ ತುದಿ ಒಂದೇ ತರಹ ಕಂಡರೂ ಹಳೆಯ ಕುರ್ಚಿಯಲ್ಲಿ ಪ್ರತಿ ತೂತು ತನ್ನ ತುದಿಗಷ್ಟೇ ಒಗ್ಗಿಕೊಂಡಿರುತ್ತದೆ. ಮೊಳೆಯನ್ನು ಮೊದಲು ಕಿತ್ತು, ಬಟ್ಟೆ ಸುತ್ತಿದ ಮರದ ತುಂಡನ್ನು ಕಾಲಿಗೆ ಅಡ್ಡ ಹಿಡಿದು ಕೊಡತಿಯಿಂದ ಸಣ್ಣ ಏಟುಗಳನ್ನು ಕೊಡುತ್ತಾ ಜೋಡಣೆ ಬಿಡಿಸಿದರು. ಬೇರೆ ಜೋಡಣೆಗಳಲ್ಲಿ ಸಿಕ್ಕ ಹಳೆಯ ಅಂಟು ಕಂದು ಬಣ್ಣದ್ದು, ಬಿಸಿನೀರಿನ ಬಟ್ಟೆ ಇಟ್ಟರೆ ಮೆದುವಾಗುವಂಥದ್ದು. ಅದು ಪ್ರಾಣಿಜನ್ಯ ಅಂಟಾದ ಸರೇಸು. ದುರಸ್ತಿಯಾದ ತೂತಿನೊಳಗಿನ ಬಿಳಿ ಅಂಟನ್ನು ಬೆಚ್ಚಗಿನ ವಿನೆಗರ್‌ನಿಂದ ಮೆದುಗೊಳಿಸಿ ಕೆರೆದು ತೆಗೆದು, ತೂತು ಒಣಗಲು ಬಿಟ್ಟರು.

ಒಣಗಿದ ಮೇಲೆ ಅಳೆದರೆ ತೂತೂ ದುಂಡಾಗಿ ಉಳಿದಿರಲಿಲ್ಲ. ತಿಂಗಳುಗಟ್ಟಲೆ ಅಲುಗಾಡಿದ ಕೋಲು ಅದನ್ನು ಸವೆಸಿತ್ತು: ಒಂದು ಕಡೆ 18.2, ಇನ್ನೊಂದು ಕಡೆ 18.5 ಮಿ.ಮೀ. ಇಲ್ಲಿ ಎರಡು ದಾರಿಗಳಿದ್ದವು. 20 ಮಿ.ಮೀ. ಬೈರಿಗೆಯಿಂದ ಹೊಸದಾಗಿ ಕೊರೆಯುವುದು ಮೊದಲನೆಯದು. ಆದರೆ ತೂತು ಆಗಲೇ ಇರುವ ಕಡೆ ಬೈರಿಗೆಯ ನಡುಮೊನೆಗೆ ಕಚ್ಚಲು ಮರವೇ ಇರುವುದಿಲ್ಲ. ಅದು ಅತ್ತಿತ್ತ ಜಾರುತ್ತದೆ, ಕೋನ ತಪ್ಪುತ್ತದೆ. ಮೇಲಾಗಿ ಬಿರುಕು ಬಿಟ್ಟ ಕಾಲಿನಲ್ಲಿ ಪ್ರತಿ ಬದಿಗೆ 6 ಮಿ.ಮೀ. ಮರ ಮಾತ್ರ ಉಳಿಯುತ್ತದೆ. ಎರಡನೆಯದು, ತೂತಿನ ಗೋಡೆಯನ್ನು ಅರೆದುಂಡು ಅರದಿಂದ ದುಂಡಾಗುವಷ್ಟು ಮಾತ್ರ ಸಮಗೊಳಿಸಿ, ಸಿಕ್ಕ ಅಳತೆಗೆ ತುದಿಯನ್ನು ಕಡೆಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಸಮಗೊಳಿಸಿದ ತೂತು 18.6 ಮಿ.ಮೀ.ಗೆ ನಿಂತಿತು. ಸಿದ್ಧವಾಗಿ ಸಿಗುವ ದುಂಡುಕೋಲುಗಳು 18.6ರ ಅಳತೆಯಲ್ಲಿ ಇರುವುದಿಲ್ಲ. ಲೇತ್ ಇದ್ದವರಿಗೆ ಎಲ್ಲ ಅಳತೆಯೂ ಒಂದೇ, ದುರಸ್ತಿ ಕೆಲಸದಲ್ಲಿ ಲೇತಿನ ನಿಜವಾದ ಬೆಲೆ ಕಾಣುವುದು ಇಲ್ಲಿಯೇ.

ಕಾಲಿನ ಬಿರುಕಿಗೆ ನೀರು ಬೆರೆಸಿ ತುಸು ತೆಳುಗೊಳಿಸಿದ ಅಂಟನ್ನು ಬೆರಳಿನಿಂದ ಒತ್ತಿ ಒತ್ತಿ ಇಳಿಸಿದರು. ಬಿರುಕನ್ನು ಮೆಲ್ಲಗೆ ತೆರೆದು ಮುಚ್ಚುತ್ತಾ ಇದ್ದರೆ ಅಂಟು ತಾನೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ನಂತರ ಕ್ಲ್ಯಾಂಪ್ ಬಿಗಿದು ಒಂದು ದಿನ ಹಾಗೆಯೇ ಬಿಟ್ಟರು.

ಹೊಸ ಕೋಲಿನ ಮರದ ವಿಷಯದಲ್ಲಿ ಅವರು ಈ ಬಾರಿ ಮಾಡಿದ್ದು ಬೇರೆ. ಗರಗಸದಿಂದ ಕೊಯ್ಯದೆ, ಒಣಗಿದ ನೇರ ಎಳೆಯ ತುಂಡೊಂದನ್ನು ಬೆಣೆ ಹೊಡೆದು ಸೀಳಿದರು. ಗರಗಸ ತನ್ನ ಗೆರೆಯಲ್ಲಿ ಹೋಗುತ್ತದೆ, ಸೀಳು ನಾರಿನ ಗೆರೆಯಲ್ಲಿ ಹೋಗುತ್ತದೆ. ಸೀಳಿದ ತುಂಡಿನಲ್ಲಿ ನಾರು ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯದೆ ಸಾಗುತ್ತದೆ. ಮೊದಲ ಕೋಲು ಮುರಿದ ಕಾರಣಕ್ಕೆ ಇದೇ ಉತ್ತರ. ಆ ತುಂಡನ್ನು ಬೇಕಾದುದಕ್ಕಿಂತ 4 ಮಿ.ಮೀ. ದಪ್ಪಗೆ ಒರಟಾಗಿ ಕಡೆದು, ಕುರ್ಚಿ ಇರುವ ಕೋಣೆಯಲ್ಲೇ ಇಟ್ಟು, ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿದರು. ತೂಕ ಸತತವಾಗಿ ಒಂದೇ ಬರತೊಡಗಿದ ಮೇಲಷ್ಟೇ ಮುಂದುವರಿದರು. ತೇವಮಾಪಕ ಇಲ್ಲದವರಿಗೆ ಇದು ಸಾಕಷ್ಟು ನಂಬಬಹುದಾದ ಪರೀಕ್ಷೆ, ಏಕೆಂದರೆ ಮರದ ತೂಕದಲ್ಲಿ ಬದಲಾಗುವುದು ನೀರೊಂದೇ.

ಅಂತಿಮ ಕಡೆತದಲ್ಲಿ ನಡುಕಕ್ಕೆ ಕಾರಣ ಹುಡುಕಿದಾಗ ಟೇಲ್‌ಸ್ಟಾಕನ್ನು, ಅಂದರೆ ಮರದ ಇನ್ನೊಂದು ತುದಿಯನ್ನು ಒತ್ತಿ ಹಿಡಿಯುವ ಲೇತಿನ ಭಾಗವನ್ನು, ಅತಿಯಾಗಿ ಬಿಗಿದದ್ದು ಗೊತ್ತಾಯಿತು. ಎರಡೂ ಕಡೆಯಿಂದ ಒತ್ತಿದರೆ ತೆಳ್ಳನೆಯ ಕೋಲು ಬಿಲ್ಲಿನಂತೆ ಬಾಗುತ್ತದೆ. ಒತ್ತಡ ತಗ್ಗಿಸಿ, ಉಳಿಯನ್ನು ಮತ್ತೆ ಮಸೆದು, ನಡುಭಾಗಕ್ಕೆ ಹಿಂದಿನಿಂದ ಸ್ಟೆಡಿ ರೆಸ್ಟ್ ಆಸರೆ ಕೊಟ್ಟ ಮೇಲೆ ಸುರುಳಿ ಗೆರೆಗಳು ಬಹುತೇಕ ನಿಂತವು. ಉಪ್ಪುಕಾಗದವನ್ನು ನಡುಭಾಗಕ್ಕೆ ಮಾತ್ರ ಬಳಸಿದರು, ಅದಕ್ಕೆ ಮೊದಲು ಉಳಿ ಇಡುವ ಆಸರೆಯನ್ನು ಪಕ್ಕಕ್ಕೆ ಸರಿಸಿದರು. ಅದು ಅಲ್ಲೇ ಇದ್ದರೆ ತಿರುಗುವ ಮರಕ್ಕೂ ಆಸರೆಗೂ ನಡುವೆ ಬೆರಳು ಸಿಕ್ಕಿಕೊಳ್ಳುವ ಅಪಾಯವಿದೆ. ಇದೇ ಕಾರಣಕ್ಕೆ ಲೇತಿನ ಮುಂದೆ ಕೈಗವಸು ತೊಡಬಾರದು, ಸಡಿಲ ತೋಳಿನ ಅಂಗಿ ಹಾಕಬಾರದು. ಮುಖಕ್ಕೆ ಮರೆ ಕಡ್ಡಾಯ.

ತುದಿಗಳನ್ನು ಮೊದಲ ಸುತ್ತಿನಲ್ಲಿ 19.2 ಮಿ.ಮೀ.ಗೆ ನಿಲ್ಲಿಸಿ, ಬಾಣಲೆಯ ಬಿಸಿ ಮರಳಿನಲ್ಲಿ ತುದಿಗಳಷ್ಟನ್ನೇ ಹೂತು ಇನ್ನಷ್ಟು ಒಣಗಿಸಿದರು. ಮರಳು ಕೈ ತಾಳದಷ್ಟು ಬಿಸಿಯಿರಬೇಕು, ಮರದ ಬಣ್ಣ ಕಂದಾಗಬಾರದು, ಪಕ್ಕದಲ್ಲೇ ನಿಂತು ನೋಡಿಕೊಳ್ಳಬೇಕು. ಹಸಿಮರದಿಂದ ಕುರ್ಚಿ ಮಾಡುವವರು ಅನುಸರಿಸುವ ಕ್ರಮ ಇದು. ಉದ್ದೇಶ ಸರಳ: ಕೋಣೆಯ ಮಟ್ಟಕ್ಕಿಂತ ಒಣಗಿದ ತುದಿ ತೂತಿನೊಳಗೆ ಹೋದ ಮೇಲೆ ಗಾಳಿಯ ತೇವವನ್ನು ಹೀರಿ ತುಸು ಉಬ್ಬುತ್ತದೆ, ತಾನಾಗಿಯೇ ಬಿಗಿಯಾಗುತ್ತದೆ. ತೇವಾಂಶ ಶೇ 6.5ರಿಂದ ಶೇ 9ಕ್ಕೆ ಏರಿದರೆ ಈ ಗಾತ್ರದ ತುದಿ ಉಂಗುರದ ಗುಂಟ ಸುಮಾರು 0.12 ಮಿ.ಮೀ. ಉಬ್ಬುತ್ತದೆ. ಅಷ್ಟು ಸಾಕು. ಅದಕ್ಕಿಂತ ಅತಿಯಾಗಿ ಬಿಗಿದರೆ ಹಾನಿಯೇ ಹೆಚ್ಚು: ಉಬ್ಬಲು ಜಾಗವಿಲ್ಲದ ತುದಿಯ ನಾರುಗಳು ಕಾಲಿನ ಗೋಡೆಗೆ ಒತ್ತಿ ಜಜ್ಜಿಹೋಗುತ್ತವೆ, ಮತ್ತೆ ಒಣಗಿದಾಗ ತುದಿ ಮೊದಲಿಗಿಂತ ಚಿಕ್ಕದಾಗುತ್ತದೆ. ಎಂದೂ ಪೆಟ್ಟು ತಿನ್ನದ ಹಳೆಯ ಕುರ್ಚಿಗಳೂ ವರ್ಷಗಳು ಕಳೆದಂತೆ ಸಡಿಲವಾಗುವುದಕ್ಕೆ ಮುಖ್ಯ ಕಾರಣ ಇದು. ಒಳಾಂಗಣದ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 30 ಇದ್ದರೆ ಮರದ ತೇವಾಂಶ ಸುಮಾರು ಶೇ 6ಕ್ಕೆ, ಶೇ 50 ಇದ್ದರೆ ಶೇ 9ಕ್ಕೆ, ಶೇ 80 ಇದ್ದರೆ ಶೇ 16ಕ್ಕೆ ಬಂದು ನಿಲ್ಲುತ್ತದೆ. ಮೇಲೆ ಹಚ್ಚಿದ ವಾರ್ನಿಷು ಈ ಏರಿಳಿತವನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ.

ಕೊನೆಯ ಅಳತೆಗೆ ತರುವ ಮೊದಲು ಅದೇ ಮರದ ಚಿಕ್ಕ ತುಂಡೊಂದರಲ್ಲಿ ತುದಿಯನ್ನಷ್ಟೇ ಕಡೆದು ತೂತಿನಲ್ಲಿ ಪರೀಕ್ಷಿಸಿದರು. ಕೈಯಿಂದ ಒತ್ತಿದಾಗ ಮೂರನೆಯ ಒಂದು ಭಾಗ ಒಳಹೋಗಿ, ಉಳಿದದ್ದು ಕೊಡತಿಯ ಹಗುರ ಏಟುಗಳಿಗೆ ಇಳಿಯುವ ಹದ ಸಿಕ್ಕಿತು. ಆ ಹದಕ್ಕೆ ಕ್ಯಾಲಿಪರ್ ನಿಲ್ಲಿಸಿ, ನಿಜವಾದ ಕೋಲಿನ ತುದಿಗಳನ್ನು ಕಿರಿದಾದ ಅಲಗಿನ ಪಾರ್ಟಿಂಗ್ ಉಳಿಯಿಂದ ಮೂರು ಕಡೆ ಅಳತೆಗೆ ಇಳಿಸಿ, ನಡುವಿನದನ್ನು ಓರೆ ಅಲಗಿನ ಸ್ಕ್ಯೂ ಉಳಿಯಿಂದ ಸಮಗೊಳಿಸಿದರು.

ಕೂರಿಸುವಾಗ ಎರಡು ಸೂಕ್ಷ್ಮಗಳಿದ್ದವು. ಕುರುಡು ತೂತಿಗೆ ಅಂಟು ಹಾಕಿ ಬಿಗಿಯಾದ ತುದಿಯನ್ನು ಇಳಿಸಿದರೆ ಒಳಗೆ ಸಿಕ್ಕಿಬಿದ್ದ ಅಂಟು ಮತ್ತು ಗಾಳಿಯ ಒತ್ತಡವೇ ಕಾಲನ್ನು ಸೀಳಬಲ್ಲದು; ಆದ್ದರಿಂದ ತುದಿಯ ಉದ್ದಕ್ಕೆ ತೆಳ್ಳನೆಯ ಗೀರೊಂದನ್ನು ಕೊರೆದು ಹೊರದಾರಿ ಮಾಡಿದರು. ಇನ್ನೊಂದು, ತುದಿ ಯಾವ ದಿಕ್ಕಿಗೆ ತಿರುಗಿ ಕೂರಬೇಕು ಎಂಬುದು. ಕಾಲು ತನ್ನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೂ ಇಲ್ಲ, ಉಬ್ಬುವುದೂ ಇಲ್ಲ. ಹಾಗಾಗಿ ಆ ದಿಕ್ಕಿನಲ್ಲಿ, ಅಂದರೆ ಮೇಲೆ ಕೆಳಗೆ, ತುದಿಯೂ ಆದಷ್ಟು ಕಡಿಮೆ ಚಲಿಸಬೇಕು. ತುದಿಯ ಕೊನೆಯಲ್ಲಿ ಕಾಣುವ ಉಂಗುರದ ಗೆರೆಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರುವಂತೆ ಕೂರಿಸಿದರೆ ಇದು ಸಾಧ್ಯವಾಗುತ್ತದೆ, ಹೆಚ್ಚು ಚಲಿಸುವ ದಿಕ್ಕು ಕಾಲಿನ ಅಗಲದ ಜೊತೆ ಹೊಂದಿಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲ, ಸಮಯ ಬೇಡ, ಗಮನ ಮಾತ್ರ ಬೇಕು. ಆದರೂ ಬಹಳ ಮಂದಿ ಹವ್ಯಾಸಿಗಳು ಇದನ್ನು ನೋಡದೆ ಬಿಡುತ್ತಾರೆ.

ಅಂಟಿನ ಆಯ್ಕೆಯಲ್ಲಿ ನಮ್ಮಿಬ್ಬರ ನಡುವೆ ಚರ್ಚೆಯಾಯಿತು. ಎರಡು ದ್ರವಗಳನ್ನು ಬೆರೆಸಿ ಬಳಸುವ ಎಪಾಕ್ಸಿ ಅಂಟು ಸಂದು ತುಂಬುತ್ತದೆ, ತೇವಕ್ಕೂ ಜಗ್ಗುವುದಿಲ್ಲ, ಆದರೆ ಮುಂದೆ ಬಿಚ್ಚಬೇಕೆಂದರೆ ಮರವೇ ಹರಿಯುತ್ತದೆ. ಸರೇಸು ಬಿಸಿಗೂ ನೀರಿಗೂ ಸಡಿಲುತ್ತದೆ, ಅದೇ ಅದರ ಕೊರತೆ, ಅದೇ ಅದರ ಅನುಕೂಲ. ಹಳೆಯ ಸರೇಸಿನ ಮೇಲೂ ಹೊಸದು ಹಿಡಿಯುತ್ತದೆ. ಕುರ್ಚಿ ಒಳಗಿನ ಒಣ ಕೋಣೆಯಲ್ಲಿರುವುದರಿಂದಲೂ ಉಳಿದ ಜೋಡಣೆಗಳೆಲ್ಲ ಅದೇ ಅಂಟಿನವಾದ್ದರಿಂದಲೂ ಅವರು ಸರೇಸನ್ನೇ ಆರಿಸಿದರು. ನಾನೂ ಒಪ್ಪಿದೆ. ಜಗುಲಿಯಲ್ಲೋ ಬಚ್ಚಲಿನ ಪಕ್ಕದಲ್ಲೋ ಇಡುವ ಕುರ್ಚಿಯಾಗಿದ್ದರೆ ನನ್ನ ಮಾತು ಎಪಾಕ್ಸಿಯ ಪರವಾಗಿರುತ್ತಿತ್ತು.

ಏನಾಯಿತು

ಕಾಲುಗಳ ಸುತ್ತ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿ ಬಿಗಿದು, ಕುರ್ಚಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲುಗಳು ಊರಿವೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಿಕೊಂಡರು. ಅಂಟು ಗಟ್ಟಿಯಾದ ಮೇಲೆ ಆ ಓರೆಯನ್ನು ತಿದ್ದಲು ಕಾಲು ಕೊಯ್ಯುವುದೊಂದೇ ದಾರಿ. ಒಂದು ಪೂರ್ತಿ ದಿನ ಯಾರನ್ನೂ ಕೂರಗೊಡಲಿಲ್ಲ.

ತೇವದ ತಿಂಗಳುಗಳು ಕಳೆದು, ಮತ್ತೆ ಒಣ ತಿಂಗಳುಗಳೂ ಕಳೆದ ಮೇಲೆ ಆ ಜೋಡಣೆ ಕದಲಿಲ್ಲ. ಕಾಲಿನ ಬಿರುಕು ಮುಂದುವರಿಯಲಿಲ್ಲ. ಆದರೆ ಬಿಚ್ಚದೆ ಬಿಟ್ಟಿದ್ದ ಹಿಂದಿನ ಜೋಡಣೆಯೊಂದು ಅದೇ ಅವಧಿಯಲ್ಲಿ ಸಡಿಲವಾಯಿತು. ಮುಂದಿನ ಕೋಲು ಅಲುಗಾಡುತ್ತಿದ್ದಷ್ಟು ಕಾಲ ಅದು ಹೊರಬೇಕಾದ ಎಳೆತವನ್ನೆಲ್ಲ ಹಿಂದಿನ ಜೋಡಣೆಗಳೇ ಹೊತ್ತಿದ್ದವು. ಅವುಗಳ ಹಳೆಯ ಅಂಟು ಆಗಲೇ ಒಡೆದಿರಬೇಕು. ಈ ಬಾರಿ ಹವ್ಯಾಸಿ ತಡಮಾಡಲಿಲ್ಲ. ತೂತು ಸವೆಯುವ ಮೊದಲೇ ಬಿಚ್ಚಿದ್ದರಿಂದ ಹೊಸ ಕೋಲೇ ಬೇಕಾಗಲಿಲ್ಲ: ಹಳೆಯ ಸರೇಸನ್ನು ಬಿಸಿನೀರಿನಿಂದ ಸಡಿಲಿಸಿ, ಒರೆಸಿ, ಹೊಸ ಸರೇಸು ಹಚ್ಚಿ ಅದೇ ಕೋಲನ್ನು ಮತ್ತೆ ಕೂರಿಸಿದರು. ಮುಂದಿನ ಜೋಡಣೆಗೆ ತಿಂಗಳುಗಳು ಹಿಡಿದ ಕೆಲಸ ಹಿಂದಿನದಕ್ಕೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಕುರ್ಚಿಯನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟು, ಪಕ್ಕಪಕ್ಕದ ಎರಡೆರಡು ಕಾಲುಗಳನ್ನು ಹಿಡಿದು ಮೆಲ್ಲಗೆ ಎಳೆದು ಒತ್ತಿ, ಕೋಲು ತೂತಿನ ಬಾಯಿಯಲ್ಲಿ ಕದಲುತ್ತದೆಯೇ ಎಂದು ಒಂದೊಂದೇ ಜೋಡಣೆಯನ್ನು ನೋಡಬೇಕು. ತಲೆ ಒಳಗಿಳಿದು ಮೇಣ ಮುಚ್ಚಿದ ಮೊಳೆಗಳು ಕಣ್ಣಿಗೆ ಕಾಣದೆ ಇರಬಹುದು, ಅಂಥವನ್ನು ಅಯಸ್ಕಾಂತವೊಂದನ್ನು ಕಾಲಿನ ಮೈಮೇಲೆ ಆಡಿಸಿ ಪತ್ತೆ ಮಾಡಬಹುದು. ಬಿರುಕು ಒಂದು ತೂತಿನಿಂದ ಹೊರಟು ಅಲ್ಲಿಯೇ ನಿಂತಿದ್ದರೆ ಈ ಪ್ರಕರಣದಲ್ಲಿ ಮಾಡಿದಂತೆ ಅಂಟಿನಿಂದ ಸರಿಪಡಿಸಬಹುದು. ಅದು ಎರಡು ತೂತುಗಳನ್ನು ಮುಟ್ಟಿದ್ದರೆ ಅಂಟನ್ನು ನಂಬಿ ಅದರ ಮೇಲೆ ಯಾರನ್ನೂ ಕೂರಿಸಬಾರದು. ಆ ಕಾಲನ್ನೇ ಸೀಳಿದ, ಒಣಗಿದ ಮರದಿಂದ ಹೊಸದಾಗಿ ಕಡೆಯಬೇಕು, ಹಳೆಯ ಕಾಲನ್ನು ಎಸೆಯದೆ ತೂತುಗಳ ಕೋನ ಮತ್ತು ಎತ್ತರಗಳನ್ನು ಅದರಿಂದಲೇ ಗುರುತಿಸಿಕೊಳ್ಳಬೇಕು.